ಎದೆನೋವಿನ ಮೊದಲ ಚಿತ್ರ: ರಾಮದುರ್ಗದಿಂದ ಬೆಳಗಾವಿಗೆ ಎಷ್ಟು ನಿಮಿಷ?

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ಇವತ್ತಿನ ವಿಷಯ ಹೃದಯ. ನಮ್ಮ ಎದೆಗೂಡಿನೊಳಗೆ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯೋ, ಮುಷ್ಟಿಯಷ್ಟು ದೊಡ್ಡ ಸ್ನಾಯು.

ಹೃದಯದ ಚಿತ್ರ ತೆಗೆಯೋ ತಂತ್ರಜ್ಞಾನದಲ್ಲಿ ಈ ಹತ್ತು ವರ್ಷದಲ್ಲಿ ಬಹಳ ಬದಲಾವಣೆ ಆಗಿದೆ. ರಕ್ತನಾಳದ ಗೋಡೆಯೊಳಗಿನ ಕೊಬ್ಬು ಕಾಣೋ ಸ್ಕ್ಯಾನ್ ಬಂದಿದೆ, ಇಸಿಜಿ ಓದೋ ಎಐ ಬಂದಿದೆ, ಜೇಬಿನಲ್ಲಿ ಇಟ್ಟುಕೊಳ್ಳಬಹುದಾದ ಎಕೋ ಯಂತ್ರ ಬಂದಿದೆ. ನನ್ನ ಊರು ಬೈಲಹೊಂಗಲ ತಾಲೂಕಿನದ್ದು. ಬಂಧು-ಬಳಗ ಕಿತ್ತೂರು, ಸವದತ್ತಿ, ರಾಮದುರ್ಗದ ತನಕ ಹರಡಿದೆ. ಹಾಗಾಗಿ ಇಂಥ ಸುದ್ದಿ ಓದಿದಾಗೆಲ್ಲ ನನ್ನ ತಲೆಯಲ್ಲಿ ಬರೋದು ಒಂದೇ ಪ್ರಶ್ನೆ. ಕಟಕೋಳದಲ್ಲೋ ಮುನವಳ್ಳಿಯಲ್ಲೋ ಒಬ್ಬ ಮನುಷ್ಯನಿಗೆ ರಾತ್ರಿ ಎರಡು ಗಂಟೆಗೆ ಎದೆ ಹಿಡೀತು ಅಂದ್ರೆ, ಇದರಲ್ಲಿ ಯಾವುದು ಅವನ ಕೈಗೆ ಸಿಗುತ್ತೆ?

ಉತ್ತರ ಮೊದಲೇ ಹೇಳಿಬಿಡ್ತೀನಿ. ಅವನಿಗೆ ಬೇಕಾಗಿರೋದು ಎಲ್ಲಕ್ಕಿಂತ ಹಳೇ ಚಿತ್ರ, ಇಸಿಜಿ. ಅದು ಬೇಗ ಬೇಕು, ಅದನ್ನ ನೋಡಿದ ಕೂಡಲೇ ಯಾರಾದರೂ ಏನಾದರೂ ಮಾಡಬೇಕು. ಹೊಸ ಸಂಶೋಧನೆಗಳು ಕೂಡ ಸುತ್ತಿ ಬಳಸಿ ಇದೇ ಮಾತು ಹೇಳ್ತವೆ. ಅದು ಹೇಗೆ ಅಂತ ನೋಡೋಣ.

ವೈರಿಂಗ್, ಬಾಗಿಲು, ಪೈಪು

ಹೃದಯವನ್ನ ಹೊಲದ ಪಂಪ್‌ಸೆಟ್ ಅಂದ್ಕೊಳ್ಳಿ. ಅದಕ್ಕೆ ಕರೆಂಟಿನ ವೈರಿಂಗ್ ಇದೆ. ಒಳಗೆ ನಾಲ್ಕು ಕವಾಟ ಇವೆ, ರಕ್ತ ಹಿಂದಕ್ಕೆ ಹೋಗದ ಹಾಗೆ ತಡೆಯೋ ಬಾಗಿಲುಗಳು. ಪಂಪಿಗೇ ರಕ್ತ ಕೊಡೋ ಸಣ್ಣ ಪೈಪುಗಳಿವೆ, ಕರೋನರಿ ರಕ್ತನಾಳಗಳು. ಪಂಪ್‌ಸೆಟ್ ಕೆಟ್ಟರೆ ಮೆಕ್ಯಾನಿಕ್ ಮೊದಲು ಕೇಳೋದು ಏನು? ಕರೆಂಟ್ ಹೋಗಿದೆಯಾ, ವಾಲ್ವ್ ಹೋಗಿದೆಯಾ, ಪೈಪ್ ಕಟ್ಟಿದೆಯಾ ಅಂತ. ಹೃದಯದ ಪರೀಕ್ಷೆಗಳೂ ಹಾಗೇ, ಒಂದೊಂದು ಒಂದೊಂದನ್ನ ನೋಡುತ್ತೆ. ‘ಎಲ್ಲಾ ಟೆಸ್ಟ್ ಮಾಡಿಸಿದ್ವಿ, ನಾರ್ಮಲ್ ಐತಿ’ ಅಂತ ಯಾರಾದರೂ ಹೇಳಿದರೆ, ಯಾವ ಟೆಸ್ಟು ಅಂತ ಕೇಳಬೇಕು.

ಇಸಿಜಿ ನೋಡೋದು ಕರೆಂಟನ್ನ. ನೆದರ್ಲೆಂಡ್ಸ್‌ನ ವಿಲ್ಲೆಮ್ ಐಂಥೋವನ್ ಅನ್ನೋ ವಿಜ್ಞಾನಿ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇದನ್ನ ರೂಪಿಸಿದರು, 1924ರಲ್ಲಿ ನೊಬೆಲ್ ಬಂತು. ಕೈ, ಕಾಲು, ಎದೆ ಮೇಲೆ ಹತ್ತು ಕಡೆ ಎಲೆಕ್ಟ್ರೋಡ್ ಅಂಟಿಸ್ತಾರೆ. ಅದರಿಂದ ಹನ್ನೆರಡು ದಿಕ್ಕಿನ ಗೆರೆ ಬರುತ್ತವೆ. ಹನ್ನೆರಡು ಜನ ಹನ್ನೆರಡು ಕಡೆ ನಿಂತು ಒಂದೇ ಮನೆಯ ಫೋಟೋ ತೆಗೆದ ಹಾಗೆ. ದೊಡ್ಡ ರಕ್ತನಾಳವೊಂದು ಪೂರ್ತಿ ಕಟ್ಟಿಕೊಂಡಾಗ ಆ ಗೆರೆಯ ಒಂದು ಭಾಗ ಮೇಲಕ್ಕೆ ಎದ್ದು ನಿಲ್ಲುತ್ತೆ. ಡಾಕ್ಟರ್‌ಗಳು ಇದಕ್ಕೆ ಸ್ಟೆಮಿ ಅಂತಾರೆ. ಹೃದಯಾಘಾತದಲ್ಲಿ ತುರ್ತಿನಲ್ಲೇ ತುರ್ತು ಇದು. ಹೃದಯದ ಯಾವ ಗೋಡೆ ಸಾಯ್ತಾ ಇದೆ ಅನ್ನೋದೂ ಆ ಕಾಗದದಲ್ಲೇ ಕಾಣುತ್ತೆ. ಯಂತ್ರ ಎತ್ತಿಕೊಂಡು ಓಡಾಡಬಹುದು, ಕೆಲಸ ಐದು ನಿಮಿಷದ್ದು.

ಆದರೆ ಮಿತಿ ಇದೆ. ಇಸಿಜಿ ಆ ಹತ್ತು ಸೆಕೆಂಡಿನ ಸುದ್ದಿ ಮಾತ್ರ. ಇವತ್ತು ನಾರ್ಮಲ್ ಬಂದರೆ ಇವತ್ತು ಆ ಹೊತ್ತಿಗೆ ನಾರ್ಮಲ್, ಮುಂದಿನ ವರ್ಷಕ್ಕೆ ಗ್ಯಾರಂಟಿ ಕಾರ್ಡ್ ಅಂತ ತಿಳ್ಕೋಬೇಡಿ. ಎದೆನೋವು ಶುರುವಾದ ಆರಂಭದಲ್ಲೂ ಕೆಲವು ಸಲ ಗೆರೆ ಸರಿಯಾಗೇ ಕಾಣಬಹುದು. ಅದಕ್ಕೇ ನೋವು ಇದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಇಸಿಜಿ ತೆಗೀತಾರೆ, ಜೊತೆಗೆ ಟ್ರೊಪೋನಿನ್ ಅನ್ನೋ ರಕ್ತಪರೀಕ್ಷೆ ಮಾಡ್ತಾರೆ. ಹೃದಯದ ಸ್ನಾಯು ಗಾಯವಾದಾಗ ರಕ್ತಕ್ಕೆ ಸೋರೋ ಪ್ರೊಟೀನು ಅದು.

ಇನ್ನೊಂದು ಮಾತು, ಕೈಯಲ್ಲಿ ಸ್ಮಾರ್ಟ್‌ವಾಚ್ ಕಟ್ಟಿಕೊಂಡವರಿಗೆ. ಅದರಲ್ಲಿರೋ ಇಸಿಜಿ ಒಂದೇ ದಿಕ್ಕಿನ ಗೆರೆ ಕೊಡುತ್ತೆ. ಬಡಿತದ ತಾಳ ತಪ್ಪಿದ್ದನ್ನ ಹಿಡಿಯೋಕೆ ಅದು ಒಳ್ಳೇದೇ. ಹೃದಯಾಘಾತ ಹಿಡಿಯೋಕೆ ಅದನ್ನ ಮಾಡಿಲ್ಲ. ಎದೆ ಹಿಂಡ್ತಾ ಇದ್ದು ವಾಚ್ ‘ಎಲ್ಲಾ ಸರಿ’ ಅಂದರೆ, ವಾಚ್ ಮಾತು ಕೇಳಬೇಡಿ, ಎದೆ ಮಾತು ಕೇಳಿ.

ಎರಡನೇದು ಎಕೋ. 1953ರಲ್ಲಿ ಸ್ವೀಡನ್ನಿನಲ್ಲಿ ಇಂಗೆ ಎಡ್ಲರ್ ಅನ್ನೋ ವೈದ್ಯರು, ಹೆಲ್ಮುತ್ ಹರ್ಟ್ಸ್ ಅನ್ನೋ ಭೌತವಿಜ್ಞಾನಿ ಸೇರಿ ಶಬ್ದದ ಅಲೆಯಿಂದ ಹೃದಯದ ಚಲನೆಯನ್ನ ದಾಖಲಿಸಿದರು. ಹಡಗಿನ ಲೋಹದಲ್ಲಿ ಬಿರುಕು ಹುಡುಕೋ ಯಂತ್ರವನ್ನ ತಂದು ಎದೆಗೆ ಹಿಡಿದರು. ಗರ್ಭಿಣಿಯರ ಸ್ಕ್ಯಾನಿಂಗ್ ಇದೆಯಲ್ಲ, ಅದೇ ಕುಟುಂಬ. ಬಾಗಿಲು ಸರಿಯಾಗಿ ಮುಚ್ಚುತ್ತಾ, ಗೋಡೆ ಬಡೀತಾ ಇದೆಯಾ, ಪಂಪು ಪ್ರತಿ ಸಲ ಎಷ್ಟು ಪಾಲು ರಕ್ತ ಹೊರಗೆ ತಳ್ಳುತ್ತೆ, ಇವೆಲ್ಲ ಕಾಣುತ್ತೆ. ಕೊನೇದಕ್ಕೆ ಇಎಫ್ ಅಂತಾರೆ. ರಿಪೋರ್ಟಿನಲ್ಲಿ 55 ದಾಟಿದ್ದರೆ ಸಾಮಾನ್ಯವಾಗಿ ಚಲೋ ಅಂತ ಅರ್ಥ. 100 ಬರಬೇಕು ಅಂತ ಗಾಬರಿ ಆಗೋದು ಬೇಡ, ಯಾರಿಗೂ 100 ಬರಲ್ಲ.

ಮಕ್ಕಳಲ್ಲಿ ಗಂಟಲುನೋವಿನ ನಂತರ ಬರೋ ರುಮ್ಯಾಟಿಕ್ ಹೃದ್ರೋಗಕ್ಕೆ ಎಕೋ ದೊಡ್ಡ ಉಪಕಾರ ಮಾಡಿದೆ. ಉಗಾಂಡದಲ್ಲಿ ಶಾಲೆ ಮಕ್ಕಳಿಗೆ ಎಕೋ ಮಾಡಿ, ಲಕ್ಷಣ ಇನ್ನೂ ಕಾಣಿಸದ ಆರಂಭದ ಹಂತದಲ್ಲೇ ಕಾಯಿಲೆ ಹಿಡಿದು, ತಿಂಗಳಿಗೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟರು. ಎರಡು ವರ್ಷದ ನಂತರ ಇಂಜೆಕ್ಷನ್ ಪಡೆದವರಲ್ಲಿ ಕಾಯಿಲೆ ಮುಂದುವರಿದದ್ದು 100ಕ್ಕೆ ಒಬ್ಬರಿಗಿಂತ ಕಡಿಮೆ. ಪಡೆಯದವರಲ್ಲಿ ಎಂಟು ಮಂದಿ. 2021ರಲ್ಲಿ ಬಂದ ಅಧ್ಯಯನ ಅದು. ಪೆನಿಸಿಲಿನ್ ಎಷ್ಟು ಹಳೇ ಔಷಧ! ಚಿತ್ರ ಸಿಕ್ಕ ಮೇಲೆ ಮಾಡಬೇಕಾದ ಕೆಲಸ ಮಾಡಿದರು, ಅದರಿಂದ ಮಕ್ಕಳ ಬಾಗಿಲುಗಳು ಉಳಿದವು.

ಪೈಪಿನ ಒಳಗೆ, ಪೈಪಿನ ಗೋಡೆಯಲ್ಲಿ

ಮೂರನೇದು ಆಂಜಿಯೋಗ್ರಾಮ್. ಮಣಿಕಟ್ಟಿನಿಂದಲೋ ತೊಡೆಯಿಂದಲೋ ತೆಳ್ಳನೆ ನಳಿಕೆ ಬಿಟ್ಟು, ಬಣ್ಣ ಹಾಕಿ, ಎಕ್ಸ್‌ರೇಯಲ್ಲಿ ಪೈಪು ಎಲ್ಲಿ ಸಣ್ಣಗಾಗಿದೆ ಅಂತ ನೋಡೋದು. ಬ್ಲಾಕ್ ಇದ್ದರೆ ಅಲ್ಲೇ ಬಲೂನು, ಸ್ಟೆಂಟು. ಇದಕ್ಕೆ ಕ್ಯಾಥ್ ಲ್ಯಾಬ್ ಬೇಕು. ನಮ್ಮ ಕಡೆಯವರಿಗೆ ಕ್ಯಾಥ್ ಲ್ಯಾಬ್ ಅಂದರೆ ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಬಾಗಲಕೋಟೆ.

ಇದು ನೋಡೋದು ಪೈಪಿನ ಒಳಗಿನ ದಾರಿಯನ್ನ, ಗೋಡೆಯನ್ನಲ್ಲ. ಕೊಬ್ಬು ಮೊದಲು ಕೂಡೋದು ಗೋಡೆಯೊಳಗೆ. ದಾರಿ ಅಗಲವಾಗೇ ಇರುತ್ತೆ, ಆದರೆ ಗೋಡೆಯೊಳಗೆ ಕೀವುಗುಳ್ಳೆ ಥರ ಮೆತ್ತನೆ ಗಡ್ಡೆ ಬೆಳೀತಾ ಇರುತ್ತೆ. ಒಂದು ದಿನ ಅದು ಒಡೀತದೆ, ಒಡೆದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತೆ, ದಾರಿ ಕೆಲವೇ ನಿಮಿಷದಲ್ಲಿ ಬಂದ್. ‘ನಿನ್ನೆ ಕಬಡ್ಡಿ ಆಡಿದ್ದ, ಇವತ್ತು ಇಲ್ಲ’ ಅಂತೀವಲ್ಲ, ಅಂಥ ಎಷ್ಟೋ ಸಾವಿನ ಹಿಂದೆ ಇರೋದು ಇದೇ.

ಆ ಗೋಡೆಯನ್ನೂ ತೋರಿಸೋದು ಸಿಟಿ ಆಂಜಿಯೋಗ್ರಾಮ್. ನಳಿಕೆ ಹೃದಯದ ತನಕ ಹೋಗಲ್ಲ. ಕೈಯ ನರಕ್ಕೆ ಬಣ್ಣದ ಇಂಜೆಕ್ಷನ್, ಕೆಲವು ನಿಮಿಷ ಸ್ಕ್ಯಾನ್, ಮನೆಗೆ ವಾಪಸ್. ಇದರ ಬಗ್ಗೆ ದೊಡ್ಡ ಅಧ್ಯಯನ ಸ್ಕಾಟ್ಲೆಂಡಿನಲ್ಲಿ ಆಯ್ತು, ಹೆಸರು ಸ್ಕಾಟ್-ಹಾರ್ಟ್. ಎದೆನೋವು ಅಂತ ಬಂದ 4,146 ಮಂದಿಯಲ್ಲಿ ಅರ್ಧ ಜನಕ್ಕೆ ಎಂದಿನ ತಪಾಸಣೆ, ಇನ್ನರ್ಧಕ್ಕೆ ಅದರ ಜೊತೆ ಸಿಟಿ ಸ್ಕ್ಯಾನ್. ಐದು ವರ್ಷದ ಫಲಿತಾಂಶ 2018ರಲ್ಲಿ ಬಂತು. ಎಂದಿನ ತಪಾಸಣೆಯವರಲ್ಲಿ ಹೃದಯಾಘಾತ ಅಥವಾ ಅದರಿಂದ ಸಾವು 100ಕ್ಕೆ 3.9, ಸ್ಕ್ಯಾನ್ ಆದವರಲ್ಲಿ 2.3. ಹತ್ತು ವರ್ಷದ ಲೆಕ್ಕ 2025ರಲ್ಲಿ ಬಂತು, ಅಂತರ ಹಾಗೇ ಉಳಿದಿತ್ತು.

ಇಲ್ಲಿ ಸ್ವಲ್ಪ ನಿಲ್ಲಿ. ಸ್ಕ್ಯಾನ್ ಅಂದರೆ ಎಕ್ಸ್‌ರೇ ಅಷ್ಟೇ, ಅದು ಯಾರ ರೋಗವನ್ನೂ ಗುಣ ಮಾಡಲ್ಲ. ಮತ್ತೆ ಹೃದಯಾಘಾತ ಕಡಿಮೆ ಆಗಿದ್ದು ಹೇಗೆ? ಐದು ವರ್ಷದಲ್ಲಿ ಎರಡೂ ಗುಂಪಿನಲ್ಲಿ ಸ್ಟೆಂಟು, ಬೈಪಾಸ್‌ಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ ಇತ್ತು. ವ್ಯತ್ಯಾಸ ಇದ್ದದ್ದು ಮಾತ್ರೆಯಲ್ಲಿ. ಗೋಡೆಯಲ್ಲಿ ಕೊಬ್ಬು ಕಂಡವರಿಗೆ ಡಾಕ್ಟರು ಸ್ಟ್ಯಾಟಿನ್‌ನಂಥ ಮಾತ್ರೆ ಬರೆದರು. ಅವು ಈಗ ಬಹಳ ದುಬಾರಿ ಏನಲ್ಲ, ಪೇಟೆಯ ಯಾವ ಮೆಡಿಕಲ್ ಶಾಪಿನಲ್ಲೂ ಸಿಗುತ್ತವೆ. ನೋಡಿದ ಮೇಲೆ ಮಾಡಿದ ಸಾದಾ ಕೆಲಸವೇ ಜೀವ ಉಳಿಸಿದ್ದು.

ಇನ್ನೂ ಹೊಸದು 2024ರದ್ದು. ಆಕ್ಸ್‌ಫರ್ಡ್‌ನ ತಂಡ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಸಿಟಿ ಆಂಜಿಯೋಗ್ರಾಮ್ ಆದ 40 ಸಾವಿರಕ್ಕೂ ಹೆಚ್ಚು ಜನರನ್ನ ಅಧ್ಯಯನ ಮಾಡಿತು. ಅವರಲ್ಲಿ ನೂರಕ್ಕೆ ಎಂಬತ್ತು ಮಂದಿಗೆ ದೊಡ್ಡ ಬ್ಲಾಕ್ ಇರಲೇ ಇಲ್ಲ. ಆದರೆ ಮುಂದೆ ಹೃದಯದ ಕಾರಣಕ್ಕೆ ಸತ್ತವರಲ್ಲಿ ಸುಮಾರು ಮೂರನೇ ಎರಡು ಪಾಲು ಈ ‘ಬ್ಲಾಕ್ ಇಲ್ಲದ’ ಗುಂಪಿನವರೇ. ಒಬ್ಬೊಬ್ಬರ ಅಪಾಯ ಕಡಿಮೆ ಇದ್ದರೂ ಗುಂಪು ದೊಡ್ಡದು, ಅದಕ್ಕೆ ಹಾಗೆ. ಇವರಲ್ಲಿ ಯಾರಿಗೆ ಅಪಾಯ ಹೆಚ್ಚು ಅಂತ ಕಂಡುಹಿಡಿಯೋಕೆ ರಕ್ತನಾಳದ ಸುತ್ತಲಿನ ಕೊಬ್ಬನ್ನ ಎಐ ಕೈಲಿ ಓದಿಸಿದರು. ನಾಳದ ಗೋಡೆಯಲ್ಲಿ ಉರಿಯೂತ ಇದ್ದರೆ ಪಕ್ಕದ ಕೊಬ್ಬಿನ ಸ್ವರೂಪ ಬದಲಾಗುತ್ತೆ. ನಮ್ಮ ಕಣ್ಣಿಗೆ ಅದು ಕಾಣಲ್ಲ, ಲೆಕ್ಕಕ್ಕೆ ಸಿಗುತ್ತೆ.

ಹಾಗಾದ್ರೆ ನಾನೂ ಸ್ಕ್ಯಾನ್ ಮಾಡಿಸ್ಲಾ?

ಇದು ಬರೋ ಪ್ರಶ್ನೆ ಅಂತ ನನಗೆ ಗೊತ್ತು. ಇಪ್ಪತ್ತೈದರ ವಯಸ್ಸು, ಏನೂ ತೊಂದರೆ ಇಲ್ಲ, ರೀಲ್ಸ್ ನೋಡಿ ಭಯ ಆಗಿದೆ ಅಷ್ಟೇ ಅಂದರೆ, ಬೇಡ. ವಿಕಿರಣ ಇದೆ, ಬಣ್ಣದಿಂದ ಕೆಲವರಿಗೆ ಅಲರ್ಜಿ ಆಗುತ್ತೆ, ಖರ್ಚು ಇದೆ. ‘ಕ್ಯಾಲ್ಸಿಯಂ ಸ್ಕೋರ್’ ಅಂತ ಬಣ್ಣವಿಲ್ಲದ ಅಗ್ಗದ ಸ್ಕ್ಯಾನೂ ಇದೆ. ಅದರಲ್ಲಿ ಸೊನ್ನೆ ಬಂದರೆ ಐವತ್ತು ದಾಟಿದವರಿಗೆ ಒಳ್ಳೇ ಸುದ್ದಿ. ಆದರೆ ಹರೆಯದಲ್ಲಿ ಗೋಡೆಯ ಗಡ್ಡೆ ಇನ್ನೂ ಮೆತ್ತಗಿರುತ್ತೆ, ಸುಣ್ಣ ಕಟ್ಟಿರೋದಿಲ್ಲ. ಆ ವಯಸ್ಸಲ್ಲಿ ಸೊನ್ನೆ ನೋಡಿ ಎದೆ ಉಬ್ಬಿಸಿ ಓಡಾಡೋ ಹಾಗಿಲ್ಲ.

ಬದಲಿಗೆ ಏನು ಮಾಡಬೇಕು? 2004ರಲ್ಲಿ 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನ ಬಂತು. ಭಾರತದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್‌ನ ಸಂಶೋಧಕರೂ ಅದರಲ್ಲಿದ್ದರು. ಮೊದಲ ಹೃದಯಾಘಾತದ ಅಪಾಯದ ನೂರಕ್ಕೆ ತೊಂಬತ್ತು ಪಾಲು ಒಂಬತ್ತು ಅಂಶಗಳಿಗೆ ಸಂಬಂಧಿಸಿದ್ದು ಅಂತ ಅದು ತೋರಿಸಿತು. ತಂಬಾಕು, ಕೊಲೆಸ್ಟರಾಲ್, ಬಿಪಿ, ಶುಗರ್, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು-ತರಕಾರಿ ತಿನ್ನದಿರೋದು, ದೈಹಿಕ ಚಟುವಟಿಕೆ ಇಲ್ಲದಿರೋದು, ಒಂಬತ್ತನೇದು ಮದ್ಯಪಾನದ ಅಭ್ಯಾಸ. ಅದೇ ಅಧ್ಯಯನದ ಪ್ರಕಾರ ದಕ್ಷಿಣ ಏಷ್ಯಾದವರಿಗೆ, ಅಂದರೆ ನಮಗೆ, ಮೊದಲ ಹೃದಯಾಘಾತ ಸರಾಸರಿ 53ನೇ ವಯಸ್ಸಿಗೆ. ಉಳಿದ ದೇಶಗಳವರಿಗೆ ಸುಮಾರು 59ಕ್ಕೆ. ಆರು ವರ್ಷ ಮುಂಚೆ! ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಎಳೇ ವಯಸ್ಸಿನ ಹೃದ್ರೋಗಿಗಳಿಗಾಗೇ 2017ರಿಂದ ಪ್ರತ್ಯೇಕ ದಾಖಲೆ ಇಡ್ತಿದ್ದಾರೆ ಅಂದ್ರೆ ಅರ್ಥ ಮಾಡ್ಕೊಳ್ಳಿ.

ಗೆಳೆಯರೇ, ಒಂದು ಕಿವಿಮಾತು. ‘ನಾನು ಸಿಗರೇಟ್ ಸೇದಲ್ಲ, ಬರೀ ಗುಟ್ಕಾ’ ಅನ್ನೋರು ನಮ್ಮಲ್ಲಿ ಬಹಳ. ಸೇದದೆ ಬರೀ ತಂಬಾಕು ಅಗಿಯೋರಲ್ಲೂ ಹೃದಯಾಘಾತದ ಸಾಧ್ಯತೆ ಎರಡು ಪಟ್ಟಿಗಿಂತ ಹೆಚ್ಚು ಅಂತ ಇಂಟರ್‌ಹಾರ್ಟ್ ಲೆಕ್ಕ ಕೊಟ್ಟಿದೆ. ಹೊಗೆ ಹೋಗೋದು ಶ್ವಾಸಕೋಶಕ್ಕೆ, ನಿಕೋಟಿನ್ ಹೋಗೋದು ಎರಡೂ ದಾರಿಯಿಂದ ರಕ್ತಕ್ಕೇ.

ಹಾಗಾಗಿ ಸ್ಕ್ಯಾನಿಗೆ ಮೊದಲು ಬಿಪಿ ನೋಡಿಸಿ, ಶುಗರ್ ನೋಡಿಸಿ, ಕೊಲೆಸ್ಟರಾಲ್ ನೋಡಿಸಿ. ಭಾರತೀಯ ಹೃದ್ರೋಗ ತಜ್ಞರ ಸಂಘ 2024ರ ಮಾರ್ಗಸೂಚಿಯಲ್ಲಿ 18ನೇ ವಯಸ್ಸಿಗೇ ಮೊದಲ ಕೊಲೆಸ್ಟರಾಲ್ ಪರೀಕ್ಷೆ ಆಗಲಿ ಅಂದಿದೆ. ಲೈಪೊಪ್ರೊಟೀನ್-ಎ ಅನ್ನೋ ಇನ್ನೊಂದು ಪರೀಕ್ಷೆಯನ್ನ ಜೀವನದಲ್ಲಿ ಒಮ್ಮೆಯಾದರೂ ಮಾಡಿಸಿ ಅಂದಿದೆ. ಅದು ಹೆಚ್ಚಾಗಿ ವಂಶದಿಂದ ಬರೋದು. ಅಪ್ಪನಿಗೋ ಚಿಕ್ಕಪ್ಪನಿಗೋ ಐವತ್ತರೊಳಗೆ ಹೃದಯಾಘಾತ ಆಗಿದ್ದರೆ ಡಾಕ್ಟರ ಹತ್ತಿರ ಇದನ್ನ ತಪ್ಪದೇ ಕೇಳಿ.

ನಾಲ್ಕು ತಾಲೂಕು, ನಾಲ್ಕು ಲೆಕ್ಕ

ಇನ್ನು ರಾತ್ರಿ ಎರಡು ಗಂಟೆಯ ವಿಷಯಕ್ಕೆ ಬರೋಣ. ಎದೆನೋವು ಬಂದಾಗ ನಮ್ಮ ಮನೆಗಳಲ್ಲಿ ಮೊದಲು ಬರೋ ಮಾತು ಯಾವುದು? ‘ಗ್ಯಾಸ್ ಆಗೈತಿ ಬಿಡು, ಒಂದ್ ಸೋಡಾ ಕುಡಿ.’ ಹೀಗೆ ಅನ್ನೋದಕ್ಕೂ ಕಾರಣ ಇದೆ. ಹೃದಯದ ಕೆಳಗಿನ ಗೋಡೆ ಕೂತಿರೋದು ಹೊಟ್ಟೆಯ ಮೇಲಿನ ಪರದೆಗೆ ಹತ್ತಿಕೊಂಡು. ಆ ಭಾಗಕ್ಕೆ ರಕ್ತ ನಿಂತರೆ ಹೊಟ್ಟೆಯ ಮೇಲ್ಭಾಗ ನೋಯುತ್ತೆ, ವಾಂತಿ ಬಂದ ಹಾಗಾಗುತ್ತೆ. ಶುಗರ್ ಇರೋರಿಗೆ, ಹೆಣ್ಣುಮಕ್ಕಳಿಗೆ ಕೆಲವು ಸಲ ನೋವೇ ಇರಲ್ಲ. ಬರೀ ಉಸಿರು ಕಟ್ಟೋದು, ಸುಸ್ತು, ಬೆವರು. ಗ್ಯಾಸೋ ಹೃದಯವೋ ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡೋಕೆ ಯಾರಿಂದಲೂ ಆಗಲ್ಲ. ಐದು ನಿಮಿಷದ ಆ ಕಾಗದ ಬೇಕು.

ನನ್ನ ಸೋದರಮಾವ ರಾಮದುರ್ಗ ತಾಲೂಕಿನ ಒಂದು ಹಳ್ಳಿಯವರು. ವಯಸ್ಸು 52. ಕಬ್ಬಿನ ಸೀಸನ್ನು, ನಸುಕಿನ ನಾಲ್ಕು ಗಂಟೆಗೆ ಎದೆ ಭಾರ ಆಯ್ತು. ಜೀರಿಗೆ ನೀರು ಆಯ್ತು, ಸೋಡಾ ಆಯ್ತು. ಬೆಳಕು ಹರಿದ ಮೇಲೆ ಊರಲ್ಲೇ ಒಬ್ಬರು ಗ್ಯಾಸಿನ ಇಂಜೆಕ್ಷನ್ ಕೊಟ್ಟರು. ನೋವು ಸ್ವಲ್ಪ ಇಳಿದ ಹಾಗಾಯ್ತು, ಚಹಾ ಕುಡಿದರು. ಮೊದಲ ಇಸಿಜಿ ಆಗೋ ಹೊತ್ತಿಗೆ ಗಂಟೆ ಹತ್ತು. ಆರು ತಾಸು. ಆಮೇಲೆ ರಕ್ತನಾಳ ತೆರೆದರು, ಸ್ಟೆಂಟ್ ಹಾಕಿದರು, ಜೀವ ಉಳಿಯಿತು. ಆದರೆ ಆ ಆರು ತಾಸಿನಲ್ಲಿ ಸತ್ತ ಸ್ನಾಯು ವಾಪಸ್ ಬರಲಿಲ್ಲ. ಎಕೋದಲ್ಲಿ ಇಎಫ್ 35. ಎರಡು ಎಕರೆ ಕಬ್ಬು ಒಬ್ಬರೇ ನೋಡ್ಕೊಳ್ತಿದ್ದ ಮನುಷ್ಯ ಈಗ ಮನೆಯ ಅಟ್ಟ ಹತ್ತೋಕೆ ನಡುವೆ ಎರಡು ಸಲ ನಿಲ್ತಾರೆ. ಮಗ ಓದು ಬಿಟ್ಟು ಟ್ರ್ಯಾಕ್ಟರ್ ಹತ್ತಿದ.

ಈ ಆರು ತಾಸು ನಮ್ಮ ಮಾವ ಒಬ್ಬರದ್ದೇ ಕತೆ ಅಲ್ಲ. ಸೇಂಟ್ ಜಾನ್ಸ್‌ನವರೇ ಮುಂದೆ ನಿಂತು ನಡೆಸಿದ ಕ್ರಿಯೇಟ್ ಅನ್ನೋ ಅಧ್ಯಯನ 2008ರಲ್ಲಿ ಪ್ರಕಟವಾಯ್ತು. ದೇಶದ 89 ಆಸ್ಪತ್ರೆಗಳ 20 ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆ. ದೊಡ್ಡ ಹೃದಯಾಘಾತ ಆದವರು ನೋವು ಶುರುವಾಗಿ ಆಸ್ಪತ್ರೆ ಮುಟ್ಟೋಕೆ ತೆಗೆದುಕೊಂಡ ಮಧ್ಯಮ ಸಮಯ 360 ನಿಮಿಷ. ಲೆಕ್ಕ ಹಾಕಿ, ಆರು ತಾಸೇ. ಆಸ್ಪತ್ರೆ ಮುಟ್ಟಿದ ಮೇಲೆ ಹೆಪ್ಪು ಕರಗಿಸೋ ಔಷಧ ಸಿಗೋಕೆ ಆದ ಸಮಯ 50 ನಿಮಿಷ. ಹೊತ್ತು ಹೆಚ್ಚು ಹೋಗಿದ್ದು ಆಸ್ಪತ್ರೆಯ ಹೊರಗೆ.

ಈಗ ಮ್ಯಾಪ್ ತೆಗೀರಿ. ವೈದ್ಯರ ನಿಯಮ ಹೀಗಿದೆ. ಇಸಿಜಿಯಲ್ಲಿ ದೊಡ್ಡ ಹೃದಯಾಘಾತ ಕಂಡ ಕ್ಷಣದಿಂದ 120 ನಿಮಿಷದೊಳಗೆ ಕ್ಯಾಥ್ ಲ್ಯಾಬಿನಲ್ಲಿ ರಕ್ತನಾಳ ತೆರೆಯೋಕೆ ಆಗೋದಾದರೆ ನೇರ ಅಲ್ಲಿಗೆ ಕಳಿಸಿ. ಆಗದಿದ್ದರೆ ಇದ್ದಲ್ಲೇ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಟ್ಟು ಆಮೇಲೆ ಕಳಿಸಿ.

ಕಿತ್ತೂರು ಹೆದ್ದಾರಿ ಮೇಲಿದೆ. ಧಾರವಾಡ ಮೂವತ್ತು ಕಿಲೋಮೀಟರ್ ಚಿಲ್ಲರೆ. ಗಾಡಿ ಬರೋಕೆ ಇಪ್ಪತ್ತು ನಿಮಿಷ, ದಾರಿ ಮುಕ್ಕಾಲು ತಾಸು, ಅಲ್ಲಿ ತಂಡ ಸಿದ್ಧವಾಗೋಕೆ ಮುಕ್ಕಾಲು ತಾಸು. 110 ನಿಮಿಷ. ಎಲ್ಲ ಸರಿಹೋದರೆ ಅಂಚಿನಲ್ಲಿ ದಾಟಬಹುದು. ಬೈಲಹೊಂಗಲದಿಂದ ಬೆಳಗಾವಿ, ಸವದತ್ತಿಯಿಂದ ಧಾರವಾಡ, ಎರಡೂ ಸುಮಾರು ನಲವತ್ತು-ನಲವತ್ತೈದು ಕಿಲೋಮೀಟರ್, ದಾರಿಗೇ ಒಂದು ತಾಸು ಹಿಡಿಯಿರಿ. 120 ದಾಟಿತು. ಭರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡದ ಜಾತ್ರೆ ನಡೆದಾಗ ಆ ದಾರಿ ಹೇಗಿರುತ್ತೆ ಅಂತ ಸವದತ್ತಿಯವರಿಗೆ ನಾನು ಹೇಳಬೇಕಿಲ್ಲ. ಇನ್ನು ರಾಮದುರ್ಗ. ಬೆಳಗಾವಿ ನೂರು ಕಿಲೋಮೀಟರ್ ಮೇಲೆ, ಬಾಗಲಕೋಟೆ ಕಡೆ ಓಡಿದರೂ ದಾರಿಗೇ ತಾಸು ದಾಟುತ್ತೆ. ಒಂದೇ ಜಿಲ್ಲೆ, ಒಂದೇ ರೋಗ, ಊರಿಂದ ಊರಿಗೆ ಬೇರೆ ಲೆಕ್ಕ. ನಾಲ್ಕರಲ್ಲಿ ಮೂರು ತಾಲೂಕಿಗೆ ಉತ್ತರ ಒಂದೇ: ಮೊದಲು ಇಸಿಜಿ, ಅಲ್ಲೇ ಇಂಜೆಕ್ಷನ್, ಆಮೇಲೆ ಆಂಬುಲೆನ್ಸ್.

ಹಾಗಾದರೆ ಹಳ್ಳಿಯವರಿಗೆ ಎರಡನೇ ದರ್ಜೆ ಚಿಕಿತ್ಸೆನಾ? ಇದಕ್ಕೆ ಸಂಶೋಧನೆ ಉತ್ತರ ಕೊಟ್ಟಿದೆ. 2013ರಲ್ಲಿ ಬಂದ ಸ್ಟ್ರೀಮ್ ಅನ್ನೋ ಅಧ್ಯಯನದಲ್ಲಿ, ನೋವು ಶುರುವಾಗಿ ಮೂರು ತಾಸಿನೊಳಗೆ ಸಿಕ್ಕ, ಆದರೆ ಒಂದು ತಾಸಿನೊಳಗೆ ಆಂಜಿಯೋಪ್ಲಾಸ್ಟಿ ಸಿಗದ ಸುಮಾರು 1,900 ಮಂದಿಯನ್ನ ಹೋಲಿಸಿದರು. ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಕೊಟ್ಟು ಆಮೇಲೆ ಆಂಜಿಯೋಗ್ರಾಮಿಗೆ ಒಯ್ದವರ ಸ್ಥಿತಿ, ನೇರ ಆಂಜಿಯೋಪ್ಲಾಸ್ಟಿಗೆ ಹೋದವರಷ್ಟೇ ಚಲೋ ಇತ್ತು. ಮಿದುಳಿನ ರಕ್ತಸ್ರಾವದ ಅಪಾಯ ಸ್ವಲ್ಪ ಹೆಚ್ಚು. ಅದಕ್ಕೇ ಹಿಂದೆ ಸ್ಟ್ರೋಕ್ ಆದವರಿಗೆ, ಈಚೆಗೆ ದೊಡ್ಡ ಆಪರೇಷನ್ ಆದವರಿಗೆ ಡಾಕ್ಟರು ಕೇಳಿ ವಿಚಾರಿಸಿ ಕೊಡ್ತಾರೆ. ಪಕ್ಕದ ತಮಿಳುನಾಡಿನಲ್ಲಿ ಸಣ್ಣ ಆಸ್ಪತ್ರೆಗಳನ್ನ ದೊಡ್ಡ ಆಸ್ಪತ್ರೆಗೆ ಜೋಡಿಸಿ 2,420 ರೋಗಿಗಳಲ್ಲಿ ಪರೀಕ್ಷೆ ಮಾಡಿದರು. ಒಂದು ವರ್ಷದೊಳಗಿನ ಸಾವು 100ಕ್ಕೆ 17.6 ಇದ್ದದ್ದು 14.2ಕ್ಕೆ ಇಳಿಯಿತು.

ಕರ್ನಾಟಕದಲ್ಲಿ ಇದೇ ಮಾದರಿಯ ಯೋಜನೆಗೆ ಪುನೀತ್ ರಾಜ್‌ಕುಮಾರ್ ಅವರ ಹೆಸರಿದೆ. 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿಗೆ ಅಪ್ಪು ಹೋದಾಗ ನಮ್ಮೂರ ಹುಡುಗರು ಅತ್ತಿದ್ದು ನೆನಪಿದೆ. ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯನ್ನ 2023ರ ಕೊನೆಗೆ ಸರ್ಕಾರ ಪ್ರಕಟಿಸಿತು. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೀತಾರೆ, ಎಐ ಅದನ್ನ ಕೆಲವೇ ನಿಮಿಷದಲ್ಲಿ ಓದುತ್ತೆ, ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ನೋಡಿ ಹೇಳ್ತಾರೆ. ಬೇಕಾದರೆ ಟೆನೆಕ್ಟೆಪ್ಲೇಸ್ ಅಲ್ಲೇ, ಉಚಿತ. ಹೊರಗೆ ಕೊಂಡರೆ ಆ ಒಂದು ಇಂಜೆಕ್ಷನ್ನಿಗೆ 30ರಿಂದ 45 ಸಾವಿರ ರೂಪಾಯಿ. ಮೊದಲು ಎಂಬತ್ತಕ್ಕೂ ಹೆಚ್ಚು ಆಸ್ಪತ್ರೆಗಳಲ್ಲಿ ಶುರುವಾದದ್ದನ್ನ ಎಲ್ಲ ತಾಲೂಕು ಆಸ್ಪತ್ರೆಗಳಿಗೂ ವಿಸ್ತರಿಸೋದಾಗಿ ಸರ್ಕಾರ 2025ರ ಜುಲೈನಲ್ಲಿ ಹೇಳಿತು.

ಆ ಜುಲೈ ನಿಮಗೂ ನೆನಪಿರಬೇಕು. ಹಾಸನದ ಸಾವಿನ ಸುದ್ದಿ, ವಾಟ್ಸ್ಆ್ಯಪ್ ತುಂಬ ಗಾಬರಿ, ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ನಸುಕಿನಿಂದಲೇ ಸಾಲು. ಆಗ ಜಯದೇವದ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ 24 ಸಾವುಗಳನ್ನ ಪರಿಶೀಲಿಸಿತು. ಅಸಹಜ ಏರಿಕೆ ಇಲ್ಲ ಅಂದಿತು. ನಾಲ್ಕು ಸಾವು ಹೃದಯಕ್ಕೆ ಸಂಬಂಧಿಸಿದ್ದೇ ಅಲ್ಲ ಅಂತಲೂ ಗೊತ್ತಾಯ್ತು. ಲಸಿಕೆಯಿಂದ ಅಂತ ಈಗಲೂ ಫಾರ್ವರ್ಡ್ ಮಾಡೋರಿಗೆ ಒಂದು ಮಾತು. ಐಸಿಎಂಆರ್ 47 ಆಸ್ಪತ್ರೆಗಳ ಮೂಲಕ 18ರಿಂದ 45 ವಯಸ್ಸಿನ 729 ಹಠಾತ್ ಸಾವುಗಳನ್ನ ಅಧ್ಯಯನ ಮಾಡಿ 2023ರಲ್ಲಿ ಪ್ರಕಟಿಸಿತು. ಕೋವಿಡ್ ಲಸಿಕೆ ಅಪಾಯ ಹೆಚ್ಚಿಸಿರಲಿಲ್ಲ. ಸಂಬಂಧ ಕಂಡದ್ದು ಕೋವಿಡ್ ಬಂದು ಆಸ್ಪತ್ರೆ ಸೇರಿದ್ದಕ್ಕೆ, ಮನೆತನದಲ್ಲಿ ಹಠಾತ್ ಸಾವು ಇದ್ದದ್ದಕ್ಕೆ, ಸಾಯೋ ಮುಂಚಿನ 48 ತಾಸಿನಲ್ಲಿ ವಿಪರೀತ ಕುಡಿದದ್ದಕ್ಕೆ ಅಥವಾ ವಿಪರೀತ ದೈಹಿಕ ಶ್ರಮ ಪಟ್ಟದ್ದಕ್ಕೆ.

ನಿಮ್ಮ ಫೋನಿನಲ್ಲಿ ಆಗೋ ಕೆಲಸ

ಕೊನೆಗೆ ನಾಲ್ಕು ಕೆಲಸ ಹೇಳ್ತೀನಿ, ಇವತ್ತೇ ಮಾಡಬಹುದು.

ಒಂದು. ಅಪ್ಪ-ಅಮ್ಮನ ಹಳೇ ಇಸಿಜಿ ಮನೆಯ ಟ್ರಂಕಿನಲ್ಲೋ ಪ್ಲಾಸ್ಟಿಕ್ ಚೀಲದಲ್ಲೋ ಇರುತ್ತೆ. ಫೋಟೋ ತೆಗೆದು ಫೋನಿನಲ್ಲಿ ಇಡಿ, ಕುಡಿಯೋ ಮಾತ್ರೆಗಳ ಫೋಟೋನೂ ಇಡಿ. ಗೆರೆಯ ಬದಲಾವಣೆ ಹೊಸದೋ ಹಳೇದೋ ಅಂತ ತೀರ್ಮಾನಿಸೋಕೆ ಡಾಕ್ಟರಿಗೆ ಹಳೇ ಇಸಿಜಿ ಬಹಳ ಸಹಾಯ ಮಾಡುತ್ತೆ. ಹಳೇ ಕಾಗದದ ಶಾಯಿ ವರ್ಷ ಕಳೆದಂತೆ ಮಾಸುತ್ತೆ, ಫೋಟೋ ಮಾಸಲ್ಲ.

ಎರಡು. ಮುಂದಿನ ಸಲ ತಾಲೂಕು ಆಸ್ಪತ್ರೆ ಕಡೆ ಹೋದಾಗ ಮೂರು ಪ್ರಶ್ನೆ ಕೇಳಿ. ರಾತ್ರಿ ಇಸಿಜಿ ತೆಗೀತೀರಾ? ಹೃದಯ ಜ್ಯೋತಿ ಇಲ್ಲಿ ನಡೀತಾ ಇದೆಯಾ? ಟೆನೆಕ್ಟೆಪ್ಲೇಸ್ ಸ್ಟಾಕ್ ಇದೆಯಾ? ಇಲ್ಲ ಅಂದರೆ ಗ್ರಾಮ ಪಂಚಾಯ್ತಿ ಸದಸ್ಯರಿಂದ ಶಾಸಕರ ತನಕ ಕೇಳಿ. ಆಸ್ಪತ್ರೆ ನಮ್ಮದು, ಕೇಳೋಕೆ ಸಂಕೋಚ ಬೇಡ.

ಮೂರು. ಎದೆ ಭಾರ, ಬೆವರು, ಎಡಗೈಗೋ ದವಡೆಗೋ ಹೊಟ್ಟೆಯ ಮೇಲ್ಭಾಗಕ್ಕೋ ನೋವು ಬಂದು ಹದಿನೈದು ನಿಮಿಷವಾದರೂ ಬಿಡದಿದ್ದರೆ 108ಕ್ಕೆ ಫೋನ್ ಮಾಡಿ. ನೋವು ಇರೋರನ್ನ ಬೈಕ್ ಓಡಿಸೋಕೆ ಬಿಡಬೇಡಿ, ನಡೆಸಬೇಡಿ, ಕೂರಿಸಿ. ರೇಷನ್ ಕಾರ್ಡ್, ಆಧಾರ್ ಹುಡುಕ್ತಾ ಹೊತ್ತು ಕಳೀಬೇಡಿ, ಅದನ್ನ ಹಿಂದಿನಿಂದ ಇನ್ನೊಬ್ಬರು ತರಬಹುದು. ಮೊದಲು ಇಸಿಜಿ ಇರೋ ಹತ್ತಿರದ ಆಸ್ಪತ್ರೆ.

ನಾಲ್ಕು. ಯಾರಾದರೂ ಕುಸಿದು ಬಿದ್ದು, ಕರೆದರೆ ಓಗೊಡದೆ, ಉಸಿರಾಟ ಸರಿ ಇಲ್ಲ ಅಂದರೆ ಅದು ಹೃದಯ ಸ್ತಂಭನ. ಆಗ ಇಸಿಜಿಗೂ ಕಾಯೋ ಹಾಗಿಲ್ಲ. ಒಬ್ಬರು 108ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು, ಐದು ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಾ ಇರಲಿ. ದಣಿದರೆ ಕೈ ಬದಲಿಸಿ, ನಿಲ್ಲಿಸಬೇಡಿ. ಗರಡಿಮನೆ, ಕ್ರಿಕೆಟ್ ಟೀಮು, ಗಣೇಶೋತ್ಸವ ಮಂಡಳಿ, ಎಲ್ಲಿ ಹತ್ತು ಹುಡುಗರು ಸೇರ್ತೀರೋ ಅಲ್ಲಿಗೆ ಒಬ್ಬ ತರಬೇತಿ ಪಡೆದ ನರ್ಸನ್ನ ಕರೆಸಿ ಒಂದು ತಾಸು ಕಲೀರಿ. ಇದನ್ನ ಕಲಿಯೋಕೆ ಡಾಕ್ಟರ್ ಆಗಬೇಕಿಲ್ಲ.

ಗೋಡೆಯ ಕೊಬ್ಬು ಓದೋ ಎಐ ನಮ್ಮ ಕಡೆಯೂ ಒಂದು ದಿನ ಬರುತ್ತೆ, ಬರಲಿ. ಅಲ್ಲಿ ತನಕ ನಮ್ಮ ಕೈಯಲ್ಲಿರೋದು ನೋವು ಶುರುವಾದ ನಿಮಿಷದಿಂದ ಆ ಕಾಗದ ಹೊರಬರೋ ನಿಮಿಷದ ತನಕದ ಹೊತ್ತು. ಆರು ತಾಸನ್ನ ಒಂದು ತಾಸು ಮಾಡೋಕೆ ಹೊಸ ಯಂತ್ರ ಏನೂ ಬೇಕಿಲ್ಲ.

ಈ ಸಂಚಿಕೆಯನ್ನ ಮನೆಯ ಹಿರಿಯರಿಗೂ ಕೇಳಿಸಿ, ಫ್ಯಾಮಿಲಿ ಗ್ರೂಪಿಗೆ ಹಾಕಿ. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಆ ಮೂರು ಪ್ರಶ್ನೆಗೆ ಏನು ಉತ್ತರ ಸಿಕ್ತು ಅಂತ ನಮಗೆ ಬರೆದು ತಿಳಿಸಿ.